ಹೊಸ ಪಾರ್ಟ್ ಹಾಕಿದ ಮೇಲೆ ಡಿಸ್‌ಪ್ಲೇ ಇಲ್ಲ, ಎಕ್ಸ್‌ಪೋರ್ಟ್‌ಗೆ ಇಟ್ಟರೆ ರೀಸ್ಟಾರ್ಟ್: ಬೋರ್ಡ್ ಬದಲಿಸಬೇಕೇ?

ಪ್ರಶ್ನೆ: ಡೊಂಬಿವಲಿಯಲ್ಲಿದ್ದೇನೆ. ಇಲ್ಲಿನ ಕನ್ನಡಿಗರ ಯಕ್ಷಗಾನ, ಮದುವೆ, ಮುಂಜಿಗಳ ವಿಡಿಯೋ ಎಡಿಟ್ ಮಾಡಿಕೊಡುತ್ತೇನೆ. 2019ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್: ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿ ಡಿಡಿಆರ್4 2666 ರ‍್ಯಾಮ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಒಳಗಿನ ಪಾರ್ಟ್‌ಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ), 600 ವಿಎ ಯುಪಿಎಸ್. ಮೊನ್ನೆ ಮುಂಬೈನ ಕಂಪ್ಯೂಟರ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿನಿಂದ ರೈಜೆನ್ 5 5600, 16 ಜಿಬಿ 3200ರ ಒಂದು ಸ್ಟಿಕ್, ಆರ್‌ಟಿಎಕ್ಸ್ 3060 12 ಜಿಬಿ ಕಾರ್ಡ್ ತಂದು ಒಂದೇ ಭಾನುವಾರ ಮೂರನ್ನೂ ಹಾಕಿದೆ, ಹಳೆಯ 8 ಜಿಬಿ ಸ್ಟಿಕ್ಕನ್ನೂ ಉಳಿಸಿಕೊಂಡು. ಫ್ಯಾನ್ ತಿರುಗುತ್ತವೆ, ಲೈಟ್ ಉರಿಯುತ್ತದೆ, ಡಿಸ್‌ಪ್ಲೇ ಇಲ್ಲ. ಹಳೆಯ ಪ್ರೊಸೆಸರ್ ಹಾಕಿದರೆ ಎರಡು ಮೂರು ಸಲ ತಾನೇ ಆನ್-ಆಫ್ ಆಗಿ ಡಿಸ್‌ಪ್ಲೇ ಬರುತ್ತದೆ. ಆದರೆ ಎಡಿಟ್ ಆದ ವಿಡಿಯೋವನ್ನು ಎಕ್ಸ್‌ಪೋರ್ಟ್‌ಗೆ (ಒಂದೇ ಫೈಲಾಗಿ ಹೊರತರಲು) ಇಟ್ಟ ಐದು-ಹತ್ತು ನಿಮಿಷದಲ್ಲಿ ಪರದೆ ಕಪ್ಪಾಗಿ ರೀಸ್ಟಾರ್ಟ್ ಆಗುತ್ತದೆ. ಎಸ್‌ಎಂಪಿಎಸ್‌ನಲ್ಲಿ ಕಾರ್ಡಿನ 8 ಪಿನ್ ವೈರ್ ಇಲ್ಲದ್ದರಿಂದ ಕನ್ವರ್ಟರ್ ಹಾಕಿದ್ದೇನೆ. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುತ್ತದೆ. ಟೆಕ್ನಿಶಿಯನ್ ಬೋರ್ಡ್ ಹೋಗಿದೆ ಎನ್ನುತ್ತಾರೆ. ಹೊಸ ಬೋರ್ಡ್ ಕೊಳ್ಳಲೇ?

ಉತ್ತರ: ಕೊಳ್ಳಬೇಡಿ. ಹಳೆಯ ಪ್ರೊಸೆಸರ್ ಹಾಕಿದರೆ ಡಿಸ್‌ಪ್ಲೇ ಬರುತ್ತದೆ ಎಂದು ನೀವೇ ಬರೆದಿದ್ದೀರಿ. ಬೋರ್ಡ್ ಹೋಗಿದ್ದರೆ ಅದಕ್ಕೂ ಬರುತ್ತಿರಲಿಲ್ಲ. ನಿಮ್ಮ ವಿವರದಲ್ಲಿ ಕಾಣುವುದು ಒಂದು ದೋಷವಲ್ಲ, ಮೂರು: ಹೊಸ ಪ್ರೊಸೆಸರಿನ ಗುರುತೇ ಇಲ್ಲದ ಹಳೆಯ ಬಯಾಸ್ (ಆನ್ ಆದೊಡನೆ ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ), ಒಂದಕ್ಕೊಂದು ಹೊಂದದ ಎರಡು ರ‍್ಯಾಮ್ ಸ್ಟಿಕ್, ಕಾರ್ಡಿಗೆ ಸಾಲದ ಕರೆಂಟ್. ಮೂರು ಪಾರ್ಟನ್ನೂ ಒಂದೇ ದಿನ ಹಾಕಿದ್ದರಿಂದ ಒಂದರ ತಪ್ಪು ಇನ್ನೊಂದರ ತಲೆಗೆ ಬಂದು, ಕೊನೆಗೆ ಎಲ್ಲವೂ ಬೋರ್ಡಿನ ತಲೆಗೆ ಬಂದಿದೆ. ಬಯಾಸ್ ಮತ್ತು ರ‍್ಯಾಮ್ ದೋಷಗಳನ್ನು ಖರ್ಚಿಲ್ಲದೆ ಸರಿಮಾಡಬಹುದು. ದುಡ್ಡು ಬೇಕಾಗುವುದು ಕರೆಂಟಿನ ಭಾಗಕ್ಕೆ ಮಾತ್ರ. ಬೋರ್ಡಿಗೆಂದು ತೆಗೆದಿಟ್ಟ ಹಣವನ್ನು ಅದಕ್ಕೇ ಉಳಿಸಿಕೊಳ್ಳಿ.

ಮುಂದೆ ಓದುವ ಮೊದಲು ಒಂದು ಕೆಲಸ: ಆ ಕನ್ವರ್ಟರನ್ನು ಈಗಲೇ ಕಿತ್ತಿಡಿ. ಆರ್‌ಟಿಎಕ್ಸ್ 3060 ಪೂರ್ತಿ ದುಡಿಯುವಾಗ 170 ವ್ಯಾಟ್ ಎಳೆಯುತ್ತದೆ. ಬೋರ್ಡಿನ ಸ್ಲಾಟ್ ಕೊಡಬಹುದಾದದ್ದು ಹೆಚ್ಚೆಂದರೆ 75 ವ್ಯಾಟ್. ಉಳಿದ 95 ವ್ಯಾಟಾದರೂ, ಅಂದರೆ 12 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್, ಆ 8 ಪಿನ್ನಿನ ಮೂಲಕವೇ ಬರಬೇಕು. ನಿಮ್ಮ ಕನ್ವರ್ಟರಿನ ಇನ್ನೊಂದು ತುದಿ ಹಾರ್ಡ್‌ಡಿಸ್ಕಿಗೆ ಹೋಗುವ ಚಪ್ಪಟೆ ಸಾಟಾ ಕನೆಕ್ಟರ್ ಆಗಿದ್ದರೆ ಅಪಾಯ ದೊಡ್ಡದು. ಅದರಲ್ಲಿ 12 ವೋಲ್ಟಿಗೆ ಇರುವುದು ಮೂರೇ ಪಿನ್, ಒಂದೊಂದಕ್ಕೆ 1.5 ಆಂಪಿಯರ್ ಮಿತಿ, ಒಟ್ಟು 54 ವ್ಯಾಟ್. ಅದಕ್ಕೆ ಇಷ್ಟು ಭಾರ ಹೊರಿಸಿದರೆ ಪ್ಲಾಸ್ಟಿಕ್ ಮೆತ್ತಗಾಗಿ, ಪಿನ್ನುಗಳು ಒಂದನ್ನೊಂದು ತಾಗಿ, ಕೆಲವೊಮ್ಮೆ ಬೆಂಕಿಯೇ ಹತ್ತುತ್ತದೆ. ದಪ್ಪ ನಾಲ್ಕು ಪಿನ್ನಿನ ಮೋಲೆಕ್ಸ್ ಆಗಿದ್ದರೆ ಸ್ವಲ್ಪ ವಾಸಿ, ಆದರೆ ಅಗ್ಗದ ಕನ್ವರ್ಟರುಗಳ ವೈರ್ ಎಳೆ ಎಷ್ಟು ತೆಳ್ಳಗೆಂದರೆ ಕೈಯಲ್ಲಿ ಹಿಡಿದರೇ ತಿಳಿಯುತ್ತದೆ. ಕಿತ್ತ ಮೇಲೆ ಎರಡೂ ತುದಿಯನ್ನು ಬೆಳಕಿನಲ್ಲಿ ನೋಡಿ. ಕಂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್, ಕಪ್ಪಾದ ಪಿನ್, ಸುಟ್ಟ ವಾಸನೆ, ಇವುಗಳಲ್ಲಿ ಒಂದು ಕಂಡರೂ ಎಸ್‌ಎಂಪಿಎಸ್‌ನ ಆ ಎಳೆಯನ್ನು ಇನ್ನು ಯಾವುದಕ್ಕೂ ಬಳಸಬೇಡಿ.

ಈಗ ಯಂತ್ರವನ್ನು ಆ ಭಾನುವಾರಕ್ಕೆ ಮುಂಚಿನ ಸ್ಥಿತಿಗೆ ತನ್ನಿ. 2600 ಪ್ರೊಸೆಸರ್, ಹಳೆಯ 8 ಜಿಬಿ ಸ್ಟಿಕ್, 1050 ಟಿಐ ಕಾರ್ಡ್, ಅಷ್ಟೇ. ಹಾಗೆ ಒಂದು ಗಂಟೆ ನಿಮ್ಮದೇ ಯಾವುದಾದರೂ ಹಳೆಯ ಪ್ರಾಜೆಕ್ಟ್ ಎಕ್ಸ್‌ಪೋರ್ಟ್ ಮಾಡಿ. ತೊಂದರೆಯಿಲ್ಲದೆ ಮುಗಿದರೆ ಬೋರ್ಡ್, ಡಿಸ್ಕ್, ವಿಂಡೋಸ್ ಎಲ್ಲ ಸರಿಯಿವೆ ಎಂದಾಯಿತು. ಅಲ್ಲಿಂದ ಒಂದೊಂದಾಗಿ ಸೇರಿಸುತ್ತ ಹೋಗಬೇಕು: ಮೊದಲು ಬಯಾಸ್, ಆಮೇಲೆ ಪ್ರೊಸೆಸರ್, ಆಮೇಲೆ ರ‍್ಯಾಮ್, ಕಾರ್ಡ್ ಕಟ್ಟಕಡೆಗೆ. ಒಂದನ್ನು ಹಾಕಿ ಒಂದು ದಿನದ ಕೆಲಸ ಮಾಡಿ ನೋಡಿದ ಮೇಲೆ ಮುಂದಿನದು. ನಾಲ್ಕೈದು ದಿನ ಹಿಡಿಯುತ್ತದೆ, ಆದರೆ ಎಲ್ಲಿ ಎಡವಿತು ಎಂಬುದು ನಿಮಗೆ ಖಚಿತವಾಗಿ ಗೊತ್ತಿರುತ್ತದೆ. ಹಳೆಯ 2600 ಅನ್ನು ಎಕ್ಸ್‌ಚೇಂಜಿಗೆ ಕೊಡದೆ ಉಳಿಸಿಕೊಂಡದ್ದು ಬಹಳ ಒಳ್ಳೆಯದಾಯಿತು. ಕೆಲಸ ಪೂರ್ತಿ ಮುಗಿಯುವವರೆಗೂ ಅದನ್ನು ಮಾರಬೇಡಿ.

ಒಳಗೆ ಕೈ ಹಾಕುವ ಮೊದಲು ಆ ಜುಮ್ಮೆನ್ನುವುದರ ವಿಚಾರ. ಇದನ್ನು ಸಣ್ಣದೆಂದು ಬಿಡುವಂತಿಲ್ಲ. ಎಸ್‌ಎಂಪಿಎಸ್‌ನ ಒಳಗೆ ಫೇಸ್‌ನಿಂದ ಮತ್ತು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೆ ಒಂದೊಂದು ಸಣ್ಣ ಫಿಲ್ಟರ್ ಕೆಪಾಸಿಟರ್ ಇರುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಸರಿಯಿದ್ದರೆ ಅದರ ಮೂಲಕ ಬರುವ ಅತಿ ಸಣ್ಣ ಕರೆಂಟ್ ನೆಲಕ್ಕೆ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ 230 ವೋಲ್ಟಿನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್, ಕ್ಯಾಬಿನೆಟ್ಟಿನ ಮೇಲೆ ನಿಲ್ಲುತ್ತದೆ. ಹಳೆಯ ಕಟ್ಟಡಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ತೂತಿಗೆ ವೈರೇ ಬಂದಿರುವುದಿಲ್ಲ. ಮಲ್ಟಿಮೀಟರ್ ಇದ್ದರೆ ಎಸಿ ವೋಲ್ಟೇಜಿಗೆ ಇಟ್ಟು ಸಾಕೆಟ್ಟಿನಲ್ಲಿ ಅಳೆಯಿರಿ: ಫೇಸ್‌ಗೂ ಅರ್ಥ್‌ಗೂ ನಡುವೆ 230ರ ಹತ್ತಿರ, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡು ಮೂರು ವೋಲ್ಟಿನೊಳಗೆ ಬರಬೇಕು. ಬರದಿದ್ದರೆ ಸೊಸೈಟಿಯ ಎಲೆಕ್ಟ್ರಿಶಿಯನ್‌ಗೆ ಹೇಳಿ ಮೀಟರ್ ಬೋರ್ಡಿನಿಂದ ಅರ್ಥ್ ಎಳೆ ತರಿಸಿ. ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಜೋಡಿಸಿಕೊಡುತ್ತೇನೆ ಎಂದರೆ ಒಪ್ಪಬೇಡಿ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಇಡೀ ಕ್ಯಾಬಿನೆಟ್ಟಿಗೆ 230 ವೋಲ್ಟ್ ಬರುತ್ತದೆ, ಮುಟ್ಟಿದವರ ಜೀವಕ್ಕೇ ಅಪಾಯ. ಅರ್ಥಿಂಗ್ ಸರಿಯಾಗುವವರೆಗೆ ಎರಡೂ ಕಡೆ ಕರೆಂಟ್ ಇರುವಾಗ ಮಾನಿಟರಿನ ಎಚ್‌ಡಿಎಂಐ ವೈರ್ ಕೀಳುವುದು, ಚುಚ್ಚುವುದು ಬೇಡ. ಕ್ಯಾಬಿನೆಟ್ಟಿನ ಮೇಲೆ ನಿಂತ ವೋಲ್ಟೇಜು ಆ ವೈರಿನ ಮೂಲಕವೇ ಇಳಿಯುತ್ತದೆ, ಹೊಸ ಕಾರ್ಡಿನ ಪೋರ್ಟ್ ಸುಡಲು ಅಷ್ಟು ಸಾಕು.

ಇನ್ನು ಬಯಾಸ್. ರೈಜೆನ್ 5000 ಸರಣಿ ಮಾರುಕಟ್ಟೆಗೆ ಬಂದದ್ದು 2020ರ ನವೆಂಬರಿನಲ್ಲಿ, ನಿಮ್ಮ 5600 ಬಂದದ್ದು 2022ರ ಏಪ್ರಿಲಿನಲ್ಲಿ. ನಿಮ್ಮ ಬೋರ್ಡ್ ಜೋಡಣೆಯಾದದ್ದು 2019ರಲ್ಲಿ. ಅಂದಿನಿಂದ ಬಯಾಸ್ ಬದಲಿಸಿಲ್ಲವಾದರೆ, ಮೂರು ವರ್ಷ ಆಮೇಲೆ ಹುಟ್ಟಿದ ಪ್ರೊಸೆಸರನ್ನು ನಡೆಸುವ ಕೋಡ್ ಅದರಲ್ಲಿ ಇರಲು ಸಾಧ್ಯವೇ ಇಲ್ಲ. ಸಾಕೆಟ್ ಒಂದೇ ಎಎಂ4, ಪಿನ್ ಅಷ್ಟೇ 1331, ಹಾಕಿದರೆ ಕೂರುತ್ತದೆ. ಆದರೆ ಎಚ್ಚರಗೊಳ್ಳುವುದಿಲ್ಲ. ಫ್ಯಾನ್ ತಿರುಗುವುದು, ಲೈಟ್ ಉರಿಯುವುದು, ಡಿಸ್‌ಪ್ಲೇ ಇಲ್ಲದಿರುವುದು, ಇವೆಲ್ಲ ಇದರ ಲಕ್ಷಣಗಳೇ. ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ಪುಟ್ಟ ದೀಪಗಳಿದ್ದರೆ 5600 ಹಾಕಿದಾಗ ಯಾವುದು ಉರಿದು ನಿಲ್ಲುತ್ತದೆ ನೋಡಿ. ಸಿಪಿಯು ದೀಪವಾದರೆ ಅನುಮಾನವೇ ಬೇಡ.

ಹಳೆಯ ಸ್ಥಿತಿಯಲ್ಲಿ ವಿಂಡೋಸ್ ತೆರೆದು ಸಿಸ್ಟಮ್ ಇನ್‌ಫರ್ಮೇಶನ್ ನೋಡಿ. ಮೂರು ಸಂಗತಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ: ಬೋರ್ಡಿನ ಪೂರ್ತಿ ಮಾದರಿ ಹೆಸರು, ಬಯಾಸ್ ಆವೃತ್ತಿ ಮತ್ತು ದಿನಾಂಕ, ಬಯಾಸ್ ಮೋಡ್ ಯುಇಎಫ್‌ಐ ಎಂದಿದೆಯೋ ಲೆಗಸಿ ಎಂದಿದೆಯೋ. ಬೋರ್ಡಿನ ಮೂಲೆಯಲ್ಲಿ ಅಚ್ಚಾಗಿರುವ ರಿವಿಷನ್ ಸಂಖ್ಯೆಯನ್ನೂ ನೋಡಿ. ಒಂದೇ ಹೆಸರಿನ ಬೋರ್ಡಿಗೆ ರಿವಿಷನ್ ಬೇರೆಯಾದರೆ ಫೈಲೂ ಬೇರೆ. ತಯಾರಕರ ತಾಣದಲ್ಲಿ ನಿಮ್ಮ ಬೋರ್ಡಿನ ಸಪೋರ್ಟ್ ಪುಟಕ್ಕೆ ಹೋಗಿ ಮೊದಲು ಸಿಪಿಯು ಪಟ್ಟಿಯಲ್ಲಿ ರೈಜೆನ್ 5 5600 ಹುಡುಕಿ. ಅದರ ಎದುರಿಗೆ ಕನಿಷ್ಠ ಯಾವ ಬಯಾಸ್ ಬೇಕೆಂದು ಇರುತ್ತದೆ. ಅದು ಅಥವಾ ಅದಕ್ಕಿಂತ ಹೊಸತು, ಬೀಟಾ ಎಂದು ಬರೆಯದ ಒಂದನ್ನು ಇಳಿಸಿಕೊಳ್ಳಿ. ಫೈಲಿನ ಪಕ್ಕದ ವಿವರಣೆಯನ್ನು ಪೂರ್ತಿ ಓದಿ. ಕೆಲವು ಬಿ450 ಬೋರ್ಡುಗಳಲ್ಲಿ ತೀರ ಹಳೆಯ ಆವೃತ್ತಿಯಿಂದ ನೇರವಾಗಿ ಹೊಸತಕ್ಕೆ ಹಾರುವಂತಿಲ್ಲ, ನಡುವೆ ಒಂದು ಆವೃತ್ತಿಯನ್ನೋ ಸಣ್ಣ ಟೂಲನ್ನೋ ಹಾಕಿಕೊಂಡು ಹೋಗಬೇಕು. ಇದನ್ನು ಓದದೆ ಹಾರಿದವರ ಬೋರ್ಡೇ ನಿಜವಾಗಿ ಕೆಡುವುದು.

8 ಅಥವಾ 16 ಜಿಬಿ ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಜಿಪ್ ಬಿಚ್ಚಿದ ಫೈಲನ್ನು ಅದರಲ್ಲಿಟ್ಟು, ಕ್ಯಾಬಿನೆಟ್ಟಿನ ಹಿಂಬದಿಯ ಪೋರ್ಟಿಗೆ ಚುಚ್ಚಿ. ಡಿಲೀಟ್ ಕೀಲಿ ಒತ್ತಿ ಬಯಾಸಿನ ಒಳಗೆ ಹೋಗಿ ಅಲ್ಲಿರುವ ಫ್ಲ್ಯಾಶ್ ಟೂಲಿನಿಂದಲೇ ಅಪ್‌ಡೇಟ್ ಮಾಡಿ. ವಿಂಡೋಸಿನೊಳಗಿನ ತಂತ್ರಾಂಶದಿಂದ ಮಾಡಬೇಡಿ. ಮೂರರಿಂದ ಐದು ನಿಮಿಷ ಹಿಡಿಯುತ್ತದೆ. ಪರದೆ ನಿಂತಂತೆ ಕಂಡರೂ ಬಟನ್ ಮುಟ್ಟಬಾರದು. ನಿಮ್ಮದು ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ಲೈನ್, ನಡುವೆ ಕರೆಂಟ್ ಹೋಗಬಾರದು. ಈ ಕೆಲಸವನ್ನು ಯುಪಿಎಸ್ ಮೇಲೆಯೇ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವಾಗ, ಗುಡುಗು ಮಳೆಯಿಲ್ಲದ ಹೊತ್ತಿನಲ್ಲಿ ಮಾಡಿ. ಹಳೆಯ ಕಾರ್ಡಿನ ಭಾರವನ್ನು ಆ ಯುಪಿಎಸ್ ಸಲೀಸಾಗಿ ಹೊರುತ್ತದೆ.

ಅಪ್‌ಡೇಟ್ ಆದ ಮೇಲೆ ಬಯಾಸಿನ ಸೆಟ್ಟಿಂಗ್ ಎಲ್ಲ ಅಳಿಸಿ ಬೋರ್ಡ್ ಹೊಸದಾಗಿ ಬಂದಾಗ ಇದ್ದಂತಾಗುತ್ತವೆ. ಇಲ್ಲಿ ಹಲವರು ಗಾಬರಿಯಾಗುತ್ತಾರೆ: ಡಿಸ್‌ಪ್ಲೇ ಬರುತ್ತದೆ, ವಿಂಡೋಸ್ ಬರುವುದಿಲ್ಲ, ಡಿಸ್ಕ್ ಹೋಯಿತು ಎಂದುಕೊಳ್ಳುತ್ತಾರೆ. ನೀವು ಬರೆದಿಟ್ಟುಕೊಂಡ ಕಾಗದದಲ್ಲಿ ಲೆಗಸಿ ಎಂದಿದ್ದರೆ ಬಯಾಸಿನಲ್ಲಿ ಸಿಎಸ್‌ಎಂ ಎಂಬುದನ್ನು (ಹಳೆಯ ಲೆಗಸಿ ರೀತಿಯಲ್ಲಿ ವಿಂಡೋಸ್ ತೆರೆಯುವ ಆಯ್ಕೆ) ಮತ್ತೆ ಆನ್ ಮಾಡಬೇಕು. ಸಾಟಾ ಮೋಡ್ ಎಎಚ್‌ಸಿಐ ಎಂದಿರಬೇಕು. ಡಿಸ್ಕಿಗೆ ಏನೂ ಆಗಿರುವುದಿಲ್ಲ.

ಪ್ರೊಸೆಸರ್ ಬದಲಿಸುವ ಮುನ್ನ ಇನ್ನೊಂದು ತಪಾಸಣೆ, ಇದನ್ನು ಮರೆತರೆ ಗ್ರಾಹಕರ ಫುಟೇಜೇ ಒಳಗೆ ಸಿಕ್ಕಿಕೊಳ್ಳುತ್ತದೆ. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯೇ ನೋಡಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀಲಿಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದಲ್ಲಿ ಬರೆದು, ರಕ್ಷಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಬಯಾಸ್ ಅಪ್‌ಡೇಟಿಗೆ ಮುಂಚೆಯೇ ಇದನ್ನು ಮಾಡಿದರೆ ಇನ್ನೂ ಕ್ಷೇಮ. ಹೊಸ ಪ್ರೊಸೆಸರ್ ಹಾಕಿದ ಮೊದಲ ಸಲ ಕಪ್ಪು ಪರದೆಯ ಮೇಲೆ ಎಫ್‌ಟಿಪಿಎಂ (ಆ ಬೀಗದ ಕೀಲಿಯನ್ನು ಕಾಯುವ ಭಾಗ) ರೀಸೆಟ್ ಮಾಡಲೇ ಎಂಬ ಇಂಗ್ಲಿಷ್ ಸಂದೇಶ ಬಂದು ವೈ ಅಥವಾ ಎನ್ ಕೇಳಬಹುದು. ಅದು ದೋಷವಲ್ಲ. ಕೀಲಿ ಕೈಯಲ್ಲಿದ್ದರೆ ಅಥವಾ ಎನ್‌ಕ್ರಿಪ್ಶನ್ ಇಲ್ಲವೆಂದು ಖಚಿತವಾದರೆ ವೈ ಒತ್ತಿ. ಇಲ್ಲವಾದರೆ ಎನ್ ಒತ್ತಿ, ಹಳೆಯ ಪ್ರೊಸೆಸರ್ ಮತ್ತೆ ಹಾಕಿ ಕೀಲಿ ತೆಗೆಯುವ ದಾರಿ ಉಳಿಯುತ್ತದೆ. ವಿಂಡೋಸ್ ಪಿನ್ ಹೊಸದಾಗಿ ಹಾಕಬೇಕಾಗಬಹುದು, ಆದ್ದರಿಂದ ಖಾತೆಯ ಪಾಸ್‌ವರ್ಡ್ ನೆನಪಿರಲಿ.

ಪ್ರೊಸೆಸರ್ ತೆಗೆಯುವಾಗ ಎಎಂ4ರಲ್ಲಿ ಒಂದು ಕೆಟ್ಟ ಗುಣವಿದೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿದ ಹಳೆಯ ಪೇಸ್ಟ್ ಒಣಗಿ ಅಂಟಿದ್ದರೆ ಕೂಲರ್ ಎತ್ತಿದಾಗ, ಲಿವರ್ ಹಾಕಿದ್ದರೂ, ಪ್ರೊಸೆಸರ್ ಕಿತ್ತುಕೊಂಡು ಜೊತೆಗೇ ಬರುತ್ತದೆ. ಪಿನ್ ಬಾಗುವುದು ಆಗಲೇ. ಹತ್ತು ನಿಮಿಷ ಯಂತ್ರ ನಡೆಸಿ ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು, ಕೂಲರಿನ ಸ್ಕ್ರೂ ಬಿಚ್ಚಿ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುತ್ತ ಎತ್ತಿ. ನೀವು ಈಗಾಗಲೇ ಎರಡು ಮೂರು ಸಲ ತೆಗೆದು ಹಾಕಿದ್ದೀರಿ, ಹಾಗಾಗಿ ಎರಡೂ ಪ್ರೊಸೆಸರಿನ ಪಿನ್ನುಗಳನ್ನು ಮೊಬೈಲ್ ಕ್ಯಾಮೆರಾ ಹಿಗ್ಗಿಸಿ ಸಾಲುಸಾಲಾಗಿ ನೋಡಿ. ಒಂದು ಪಿನ್ ವಾಲಿದ್ದರೆ ಹಳೆಯ ಎಟಿಎಂ ಕಾರ್ಡಿನ ಅಂಚನ್ನು ಸಾಲಿನ ನಡುವೆ ತೂರಿಸಿ ನೆಟ್ಟಗೆ ಮಾಡಬಹುದು. ಚಿನ್ನದ ಬಣ್ಣದ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಸೇರಿದರೆ ಪ್ರೊಸೆಸರ್ ತನ್ನ ಭಾರಕ್ಕೇ ಇಳಿಯುತ್ತದೆ, ಒತ್ತಬೇಕಾಗಿ ಬಂದರೆ ಏನೋ ತಪ್ಪಿದೆ. ಪೇಸ್ಟ್ ತೊಗರಿ ಕಾಳಿನಷ್ಟು ಸಾಕು. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಮಾಡಿ. 5600ರೊಳಗೆ ಗ್ರಾಫಿಕ್ಸ್ ಇಲ್ಲ, ಆದ್ದರಿಂದ ಮಾನಿಟರ್ ವೈರ್ ಬೋರ್ಡಿಗಲ್ಲ, ಕಾರ್ಡಿಗೇ ಹೋಗಬೇಕು. ಬಯಾಸಿನಲ್ಲಿ ಉಷ್ಣತೆ ನೋಡಿ. ನಮ್ಮ 30 ಡಿಗ್ರಿಯ ಕೋಣೆಯಲ್ಲಿ 40-50 ಇದ್ದರೆ ಸರಿ. ಸುಮ್ಮನಿರುವಾಗಲೇ 80ಕ್ಕೆ ಏರಿದರೆ ಕೂಲರ್ ಸರಿಯಾಗಿ ಕೂತಿಲ್ಲ. ಈ ಪ್ರೊಸೆಸರಿನ ಮಿತಿ 90.

ಆನ್-ಆಫ್ ಆಗಿ ಎರಡು ಮೂರನೆಯ ಸಲ ಡಿಸ್‌ಪ್ಲೇ ಬರುವುದು ರ‍್ಯಾಮಿನ ಕಥೆ. ಆನ್ ಆದಾಗ ಬೋರ್ಡ್ ರ‍್ಯಾಮಿನೊಂದಿಗೆ ವೇಗ, ಸಮಯಗಳನ್ನು ಹೊಂದಿಸಿಕೊಳ್ಳಲು ಯತ್ನಿಸುತ್ತದೆ. ಹೊಂದದಿದ್ದರೆ ತಾನೇ ಆಫ್ ಆಗಿ ಮತ್ತೆ ಯತ್ನಿಸಿ, ಕೊನೆಗೆ ಕಡಿಮೆ ವೇಗಕ್ಕೆ ಇಳಿದು ಏಳುತ್ತದೆ. ನಿಮ್ಮ ಹಳೆಯ ಸ್ಟಿಕ್ 2666, ಹೊಸತು 3200. ಹೊಸತರ ಲೇಬಲ್ ನೋಡಿ: 1.35 ವೋಲ್ಟ್ ಎಂದಿದ್ದರೆ ಆ 3200 ವೇಗ ಬರುವುದು ಬಯಾಸಿನಲ್ಲಿ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡಿದಾಗ ಮಾತ್ರ. 1.2 ವೋಲ್ಟಿನ ಹಳೆಯ ಸ್ಟಿಕ್ ಪಕ್ಕದಲ್ಲಿರುವಾಗ ಎಕ್ಸ್‌ಎಂಪಿ ಆನ್ ಮಾಡಿದರೆ ಹಳೆಯದನ್ನೂ ಆ ವೇಗಕ್ಕೆ ಎಳೆದಂತೆ, ಅದು ಬಾರದು. ಜೊತೆಗೆ 2600 ಪ್ರೊಸೆಸರಿನ ಅಧಿಕೃತ ರ‍್ಯಾಮ್ ಮಿತಿಯೇ 2933. 5600ರದ್ದು 3200. ಆದ್ದರಿಂದ 5600 ಕೂತ ಮೇಲೆಯೇ ಹೊಸ ಸ್ಟಿಕ್ ಹಾಕಿ, ಅದೂ ಒಂಟಿಯಾಗಿ, ಪ್ರೊಸೆಸರಿನಿಂದ ಎರಡನೆಯ ಸ್ಲಾಟಿನಲ್ಲಿ. ಎರಡು ಸ್ಲಾಟಿನ ಬೋರ್ಡಾದರೆ ಮ್ಯಾನ್ಯುಯಲಿನ ಚಿತ್ರ ನೋಡಿ. ಮೊದಲು ಎಕ್ಸ್‌ಎಂಪಿ ಇಲ್ಲದೆ ಏಳಲಿ, ಆಮೇಲೆ ಆನ್ ಮಾಡಿ.

ಆನ್ ಮಾಡಿದ ರಾತ್ರಿ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷೆಯ ತಂತ್ರಾಂಶ ಹಾಕಿ ಮಲಗಿ. ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ. ಒಂದೇ ಒಂದು ಎರರ್ ಬಂದರೂ ಆ ವೇಗದಲ್ಲಿ ಆ ಸ್ಟಿಕ್ ಸರಿಯಿಲ್ಲ ಎಂದೇ ಅರ್ಥ. ಎರಡು ಗಂಟೆಯ ಪ್ರಸಂಗ ಎಕ್ಸ್‌ಪೋರ್ಟ್ ಆದಮೇಲೆ ನಡುವೆ ಒಂದು ಫ್ರೇಮ್ ಕೆಟ್ಟಿರುವುದು ಹೆಚ್ಚಾಗಿ ಇಂಥ ಒಂದು ಎರರಿನಿಂದಲೇ. ಹಳೆಯ 8 ಜಿಬಿ ಸೇರಿಸಲೇಬೇಕೆಂದರೆ ವೇಗವನ್ನು ಕೈಯಾರೆ 2666ಕ್ಕೆ ಇಳಿಸಿ. ಆದರೆ ಎಡಿಟಿಂಗಿಗೆ ಅದೇ ಮಾದರಿಯ ಇನ್ನೊಂದು 16 ಜಿಬಿ ತಂದು ಜೋಡಿ ಮಾಡುವುದು ಎಷ್ಟೋ ಮೇಲು. ಒಂಟಿ ಸ್ಟಿಕ್‌ನಲ್ಲಿ ರ‍್ಯಾಮಿನ ಹಾದಿ ಅರ್ಧ ಮಾತ್ರ ತೆರೆದಿರುತ್ತದೆ.

ಮಳೆಗಾಲ ದಾಟಿದ ಯಂತ್ರವಾದ್ದರಿಂದ ಕಾಂಟ್ಯಾಕ್ಟ್‌ಗಳನ್ನೂ ಶುಚಿಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಉಪ್ಪುತೇವದ ಗಾಳಿಗೆ ರ‍್ಯಾಮ್ ಮತ್ತು ಕಾರ್ಡಿನ ಬಂಗಾರದ ಪಟ್ಟಿಗಳ ಮೇಲೆ ಮಾಸಲು ಪದರ ಕೂರುತ್ತದೆ. ಅಂಗಡಿಗಳಲ್ಲಿ ರಬ್ಬರಿನಿಂದ ಉಜ್ಜುತ್ತಾರೆ. ಉಜ್ಜಿ ಉಜ್ಜಿ ಬಂಗಾರದ ಲೇಪ ಸವೆಯುತ್ತದೆ, ಪುಡಿ ಸ್ಲಾಟಿಗೆ ಬೀಳುತ್ತದೆ. 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ ನೂಲು ಬಿಡದ ಬಟ್ಟೆಗೆ ಹಾಕಿ ಒಂದೇ ದಿಕ್ಕಿಗೆ ಒರೆಸಿ, ಐದು ನಿಮಿಷ ಆರಲು ಬಿಡಿ.

ಈಗ ನಿಜವಾದ ಖರ್ಚಿನ ವಿಷಯ. ಲೆಕ್ಕ ಹಾಕಿದರೆ 450 ವ್ಯಾಟ್ ಸಾಕೆನಿಸುತ್ತದೆ: ಕಾರ್ಡ್ 170, ಪ್ರೊಸೆಸರ್ 80ರ ಸುತ್ತ, ಬೋರ್ಡ್-ಡಿಸ್ಕ್-ಫ್ಯಾನ್ ಸೇರಿ 50, ಒಟ್ಟು 300. ಆದರೂ ಎಕ್ಸ್‌ಪೋರ್ಟ್ ಹೊತ್ತಿಗೆ ಕೈಕೊಡುವುದೇಕೆ? ಎಸ್‌ಎಂಪಿಎಸ್‌ನ ಪಕ್ಕದ ಲೇಬಲ್ ಓದಿ. ಪ್ರೊಸೆಸರ್, ಕಾರ್ಡ್ ಎರಡೂ ಬಹುಪಾಲು ತಿನ್ನುವುದು 12 ವೋಲ್ಟಿನ ಸಾಲಿನಿಂದ. ಆ ಸಾಲಿನ ಒಟ್ಟು ಆಂಪಿಯರನ್ನು 12ರಿಂದ ಗುಣಿಸಿ. 25 ಆಂಪಿಯರ್ ಎಂದಿದ್ದರೆ 300 ವ್ಯಾಟ್, ಅಷ್ಟೇ. ಉಳಿದದ್ದು 5 ಮತ್ತು 3.3 ವೋಲ್ಟಿನ ಸಾಲುಗಳದ್ದು, ಈ ಕಾಲದ ಯಂತ್ರಕ್ಕೆ ಅದು ಅಷ್ಟಾಗಿ ಬೇಕಿಲ್ಲ. ಮೇಲಾಗಿ ಗ್ರಾಫಿಕ್ ಕಾರ್ಡ್ 170ನ್ನು ಸಮನಾಗಿ ಎಳೆಯುವುದಿಲ್ಲ. ಮಿಲಿಸೆಕೆಂಡುಗಳ ಕಾಲ ಅದಕ್ಕಿಂತ ಬಹಳ ಮೇಲೆ ಜಿಗಿಯುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಆ ಜಿಗಿತವನ್ನು ನುಂಗಿಕೊಳ್ಳುತ್ತದೆ, ವರ್ಷಗಟ್ಟಲೆ ಬಿಸಿಯಲ್ಲಿ ದುಡಿದು ಕೆಪಾಸಿಟರ್ ಸೊರಗಿದ್ದು 12 ವೋಲ್ಟನ್ನು 11.4ರ ಕೆಳಗೆ ಬೀಳಿಸುತ್ತದೆ. ಆಗ ಯಂತ್ರ ತಟ್ಟನೆ ರೀಸ್ಟಾರ್ಟ್. 1050 ಟಿಐ ಇದ್ದಷ್ಟು ದಿನ ಇದು ಕಾಣಲಿಲ್ಲ, ಏಕೆಂದರೆ ಅದರ ಪಾಲು 75 ವ್ಯಾಟ್ ಮಾತ್ರ. ನಿಮ್ಮ ಎಸ್‌ಎಂಪಿಎಸ್‌ನಲ್ಲಿ 8 ಪಿನ್ ವೈರ್ ಇಲ್ಲ ಎಂಬುದನ್ನೇ ಗಮನಿಸಿ. ಇಂಥ ಕಾರ್ಡಿಗಾಗಿ ಇದನ್ನು ಮಾಡಿಲ್ಲ ಎಂದು ತಯಾರಕರೇ ಅದರ ಮೂಲಕ ಹೇಳಿದ್ದಾರೆ.

3060ಕ್ಕೆ ಎನ್‌ವಿಡಿಯಾ ಹೇಳುವುದು 550 ವ್ಯಾಟ್. 550 ಅಥವಾ 650ರ ಒಂದನ್ನು ಕೊಳ್ಳಿ. ಲೇಬಲಿನಲ್ಲಿ 12 ವೋಲ್ಟಿಗೆ 45 ಆಂಪಿಯರಿನ ಆಸುಪಾಸು ಇರಲಿ, 6+2 ಪಿನ್ನಿನ ವೈರ್ ಅದರದ್ದೇ ಆಗಿರಲಿ, ವಾರಂಟಿ ಐದು ವರ್ಷದ್ದಾದರೆ ಒಳ್ಳೆಯದು. 80 ಪ್ಲಸ್ ಬ್ರಾಂಜ್ ಎಂಬ ಗುರುತು ಕರೆಂಟ್ ಉಳಿತಾಯದ ಅಳತೆ, ಗುಣಮಟ್ಟದ ಭರವಸೆಯಲ್ಲ. ಆದರೂ ಅದಿಲ್ಲದ್ದನ್ನು ಈ ಕೆಲಸಕ್ಕೆ ಕೊಳ್ಳಬೇಡಿ. ಜೋಡಿಸುವಾಗ ಎರಡು ಎಚ್ಚರ. ಪ್ರೊಸೆಸರಿನ 8 ಪಿನ್ 4+4 ಆಗಿ ಸೀಳುತ್ತದೆ, ಕಾರ್ಡಿನದು 6+2 ಆಗಿ. ನೋಡಲು ಒಂದೇ ತರಹ, ಒಳಗೆ ಪ್ಲಸ್-ಮೈನಸ್ ತಿರುವುಮುರುವು. ತಾನಾಗಿ ಕೂರದಿದ್ದರೆ ಒತ್ತಬೇಡಿ. ಇನ್ನೊಂದು, ಹೊಸತು ಮಾಡ್ಯುಲರ್ (ವೈರುಗಳನ್ನು ಬಿಚ್ಚಿ ಚುಚ್ಚಬಹುದಾದದ್ದು) ಆಗಿದ್ದರೆ ಅದರ ಡಬ್ಬಿಯ ವೈರುಗಳನ್ನೇ ಬಳಸಿ. ಬೇರೆ ಮಾದರಿಯ ವೈರ್ ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಕೂತರೂ ಪಿನ್ನುಗಳ ಕ್ರಮ ಬೇರೆಯಾಗಿ ಹಾರ್ಡ್‌ಡಿಸ್ಕ್ ಸುಟ್ಟುಹೋಗುತ್ತದೆ, ಡೇಟಾ ಸಮೇತ.

ಯುಪಿಎಸ್ ಲೆಕ್ಕವನ್ನೂ ಈಗಲೇ ಮಾಡಿಬಿಡೋಣ. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಯಂತ್ರದೊಳಗೆ 300 ಬೇಕಾದರೆ, 85 ಪ್ರತಿಶತ ದಕ್ಷತೆಯ ಎಸ್‌ಎಂಪಿಎಸ್ ಯುಪಿಎಸ್‌ನಿಂದ 350 ಎಳೆಯುತ್ತದೆ. ಮಾನಿಟರಿಗೆ 30 ಸೇರಿಸಿದರೆ 380. ಮಿತಿ ದಾಟಿತು. ಎಕ್ಸ್‌ಪೋರ್ಟ್ ನಡುವೆ ಕರೆಂಟ್ ಒಮ್ಮೆ ಮಿಣುಕಿದರೆ ಯುಪಿಎಸ್ ಬ್ಯಾಟರಿಗೆ ಹಾರುತ್ತದೆ, ಭಾರ ತಡೆಯದೆ ಕೈಬಿಡುತ್ತದೆ. 600 ವ್ಯಾಟ್ ಕೊಡುವ 1000 ವಿಎ ಬೇಕು. ಕೊಳ್ಳುವಾಗ ವಿಎ ಅಲ್ಲ, ವ್ಯಾಟ್ ಎಷ್ಟೆಂದು ಕೇಳಿ. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಲ್ಲಿ ಕೊಡುವುದು ಮೆಟ್ಟಿಲು ಮೆಟ್ಟಿಲಾದ ಅಲೆ. ಆ್ಯಕ್ಟಿವ್ ಪಿಎಫ್‌ಸಿ (ಕರೆಂಟನ್ನು ಅಲೆಗೆ ಹೊಂದಿಕೊಂಡು ಎಳೆಯುವ ಏರ್ಪಾಟು) ಇರುವ ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಅದನ್ನು ಸಹಿಸುವುದಿಲ್ಲ. ಆದ್ದರಿಂದ ಕೊಂಡ ದಿನವೇ ಸಣ್ಣ ಕೆಲಸ ಓಡಿಸುತ್ತ ಗೋಡೆಯ ಸ್ವಿಚ್ ಆರಿಸಿ ನೋಡಿ.

ಹೊಸ ಎಸ್‌ಎಂಪಿಎಸ್ ಹಾಕಿ, 3060 ಕೂರಿಸಿ, ಡ್ರೈವರನ್ನು ಕ್ಲೀನ್ ಇನ್‌ಸ್ಟಾಲ್ ಆಯ್ಕೆಯಲ್ಲಿ ಹಾಕಿದ ಮೇಲೂ ರೀಸ್ಟಾರ್ಟ್ ಆದರೆ, ಮೊದಲು ಯುಪಿಎಸ್ ಬಿಟ್ಟು ನೇರ ಗೋಡೆಗೆ ಚುಚ್ಚಿ ಅದೇ ಪ್ರಾಜೆಕ್ಟ್ ಓಡಿಸಿ. ರೀಸ್ಟಾರ್ಟ್ ಆಗುವುದು ನಿಂತರೆ ಯುಪಿಎಸ್ಸೇ ಕಾರಣ. ನಿಲ್ಲದಿದ್ದರೆ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಾರ್ಡಿನ ಪವರ್ ಲಿಮಿಟನ್ನು 65 ಪ್ರತಿಶತಕ್ಕೆ ಇಳಿಸಿ, ಅಂದರೆ 110 ವ್ಯಾಟ್. ಆಗ ನಿಂತು 100ಕ್ಕೆ ಏರಿಸಿದಾಗ ಮರಳಿದರೆ ಕಾರ್ಡ್ ಅಥವಾ ಅದರ ಬಿಸಿ. ಉಷ್ಣತೆ 85 ದಾಟುತ್ತಿದ್ದರೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಒಮ್ಮೆ ಓಡಿಸಿ. ವಿಂಡೋಸಿನ ಈವೆಂಟ್ ವ್ಯೂವರ್ ಕೂಡ ಸಾಕ್ಷಿ ಹೇಳುತ್ತದೆ. ಕರ್ನಲ್-ಪವರ್ 41 ಒಂದೇ ಇದ್ದು ಅದರ ಬಗ್‌ಚೆಕ್ ಕೋಡ್ ಸೊನ್ನೆಯಾಗಿದ್ದರೆ ಮೊದಲ ಅನುಮಾನ ಕರೆಂಟಿನ ಮೇಲಿರಲಿ. ಡಿಸ್‌ಪ್ಲೇ 4101 ಇದ್ದರೆ ಡ್ರೈವರ್ ಅಥವಾ ಕಾರ್ಡ್. ಡಬ್ಲ್ಯುಎಚ್‌ಇಎ-ಲಾಗರ್ ಎಂದು ಕಂಡರೆ ರ‍್ಯಾಮ್, ಪ್ರೊಸೆಸರ್ ಕಡೆ ಮರಳಿ ನೋಡಬೇಕು, ಮೊದಲು ಎಕ್ಸ್‌ಎಂಪಿ ಆಫ್ ಮಾಡಿ.

ಮುಂದೆ ಬೋರ್ಡಿಗೇ ನೇರವಾಗಿ ಚುಚ್ಚುವ ಎಂ.2 ಎಸ್‌ಎಸ್‌ಡಿ ಡಿಸ್ಕ್ ಹಾಕುವ ಯೋಚನೆಯಿದ್ದರೆ ಒಂದು ಮಾತು: ಹಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಸತ್ತಂತಾಗುತ್ತವೆ. ಫುಟೇಜ್ ಡಿಸ್ಕ್ ಮಾಯವಾದರೆ ವೈರನ್ನು ಇನ್ನೊಂದು ಪೋರ್ಟಿಗೆ ಬದಲಿಸಿ ಸಾಕು.

ಕೊನೆಗೂ ಅಂಗಡಿಗೆ ಹೋಗಬೇಕಾಗಿ ಬಂದರೆ ಇಡೀ ಕ್ಯಾಬಿನೆಟ್ ಹೊತ್ತು ಹೋಗಬೇಡಿ. ದಾದರಿನಲ್ಲಿ ಲೋಕಲ್ ರೈಲಿನ ಲೈನ್ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿಯುವಷ್ಟರಲ್ಲಿ ಕಾರ್ಡಿನ ಭಾರ ಸ್ಲಾಟನ್ನು ಜಗ್ಗಿರುತ್ತದೆ. ಹೊತ್ತೊಯ್ಯಲೇಬೇಕಾದರೆ ಕಾರ್ಡ್ ಬಿಚ್ಚಿ ಅದರ ಡಬ್ಬಿಯಲ್ಲಿಡಿ. 5600 ಏಳದಿದ್ದರೆ ಅದನ್ನೊಂದನ್ನೇ ಅದರ ಪ್ಲಾಸ್ಟಿಕ್ ಚಿಪ್ಪಿನಲ್ಲಿಟ್ಟು, ಜಿಎಸ್‌ಟಿ ಬಿಲ್ ಜೊತೆ ಒಯ್ದು, ಹೊಸ ಬಯಾಸಿರುವ ಬೋರ್ಡಿನಲ್ಲಿ ಕಣ್ಣೆದುರಿಗೇ ಹಾಕಿ ತೋರಿಸಲು ಹೇಳಿ. ಡಬ್ಬಿಯ ಪ್ರೊಸೆಸರಿಗೆ ಎಎಂಡಿ ಮೂರು ವರ್ಷದ ವಾರಂಟಿ ಕೊಡುತ್ತದೆ. 3060 ಅನ್ನೂ ಅರ್ಧ ಗಂಟೆ ಅಲ್ಲಿಯೇ ಅವರ ಎಸ್‌ಎಂಪಿಎಸ್ ಮೇಲೆ ಓಡಿಸಿ ನೋಡಬಹುದು.

ಇಷ್ಟೂ ಮಾಡಿದ ಮೇಲೆ ಎಲ್ಲಾದರೂ ಸಿಕ್ಕಿಕೊಂಡರೆ ಬೋರ್ಡಿನ ಮಾದರಿ ಮತ್ತು ರಿವಿಷನ್, ಹಳೆಯ ಹಾಗೂ ಹೊಸ ಬಯಾಸ್ ಆವೃತ್ತಿ, ಎರಡೂ ರ‍್ಯಾಮ್ ಸ್ಟಿಕ್‌ಗಳ ಮತ್ತು ಎಸ್‌ಎಂಪಿಎಸ್‌ನ ಲೇಬಲ್ ಫೋಟೋ, ಉರಿದು ನಿಂತ ದೀಪ ಯಾವುದು ಎಂಬುದನ್ನು ಬರೆದು ಕಳಿಸಿ. ಯಾವ ಮೆಟ್ಟಿಲಿನವರೆಗೆ ಸರಿಯಿತ್ತು, ಯಾವುದನ್ನು ಸೇರಿಸಿದಾಗ ಕೆಟ್ಟಿತು ಎಂಬುದನ್ನು ತಪ್ಪದೆ ಬರೆಯಿರಿ.